ಕಾವೇರಿ ಕೆಡವಿದರು, ನಾವು ಬೋರ್ಡು ಎಣಿಸುತ್ತಿದ್ದೆವು!



ಕಾವೇರಿ ಎಂದ ಕೂಡಲೇ ನಮ್ಮ ರಕ್ತ ಕುದಿಯುತ್ತದೆ. ಬಂದ್ ಕರೆ ಬಂದರೆ ಸಾಕು, ಅಂಗಡಿಗಳ ಷಟರ್ ತಾವಾಗಿ ಇಳಿಯುತ್ತವೆ, ಹಳದಿ ಕೆಂಪು ಶಾಲು ಹೆಗಲೇರುತ್ತದೆ, ಮೈಸೂರು ಬ್ಯಾಂಕ್ ವೃತ್ತದಲ್ಲಿ ಗಂಟಲು ಹರಿಯುವವರೆಗೂ ಘೋಷಣೆ ಕೂಗುತ್ತೇವೆ. ತಪ್ಪೇನಿಲ್ಲ, ಕೂಗಲೇಬೇಕು. ಆದರೆ 2024ರ ಬೇಸಿಗೆಯಲ್ಲಿ ಬೆಂಗಳೂರಿನ ನಡುಮಧ್ಯದಲ್ಲೇ ಇನ್ನೊಂದು ಕಾವೇರಿ ಬತ್ತಿಹೋಯಿತು. ಸ್ಯಾಂಕಿ ರಸ್ತೆಯ ಕಾವೇರಿ ಚಿತ್ರಮಂದಿರ. ಐವತ್ತು ವರ್ಷ ನಿಂತಿದ್ದ ಕಟ್ಟಡಕ್ಕೆ ಜೆಸಿಬಿ ಬಾಯಿ ಹಾಕಿತು. ಆ ಕಾವೇರಿಗಾಗಿ ನಮ್ಮಲ್ಲಿ ಎಷ್ಟು ಜನ ರಸ್ತೆಗಿಳಿದೆವು? ಎದೆ ಮುಟ್ಟಿಕೊಂಡು ಹೇಳಿ!

ಈ ಪ್ರಶ್ನೆ ನನಗೂ ಸೇರಿದ್ದು. ನಾನೂ ಇಳಿಯಲಿಲ್ಲ. ಪೇಪರಿನಲ್ಲಿ ಫೋಟೋ ನೋಡಿದೆ, 'ಅಯ್ಯೋ ಪಾಪ' ಅಂದೆ, ಪುಟ ಮಗುಚಿದೆ.

ಇಸವಿಗಳನ್ನು ಸ್ವಲ್ಪ ಗಮನಿಸಿ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದರ ಮರುವರ್ಷವೇ, 1974ರಲ್ಲಿ, ಕಾವೇರಿಯ ಬಾಗಿಲು ತೆರೆಯಿತು. ಮೊದಲ ಚಿತ್ರ ಅಣ್ಣಾವ್ರ 'ಬಂಗಾರದ ಪಂಜರ'. ನಾಡಿಗೆ ಹೆಸರು ಬಂದ ಹುಮ್ಮಸ್ಸಿನಲ್ಲೇ ಕನ್ನಡ ನದಿಯ ಹೆಸರು ಹೊತ್ತು, ಕನ್ನಡ ಚಿತ್ರದಿಂದಲೇ ಶುರುವಾದ ಟಾಕೀಸು ಅದು. ಸಾವಿರಕ್ಕೂ ಮೀರಿ ಜನ ಒಟ್ಟಿಗೆ ಕೂರಬಹುದಾಗಿದ್ದ ದೊಡ್ಡ ಹಾಲ್. ಐವತ್ತು ವರ್ಷ ಕಳೆದಾಗ ಸರ್ಕಾರ 'ಕರ್ನಾಟಕ ಸಂಭ್ರಮ-50' ಎಂದು ಊರೂರಲ್ಲಿ ಶಾಮಿಯಾನ ಹಾಕಿಸಿ ಕಾರ್ಯಕ್ರಮ ನಡೆಸಿತು. ಅದೇ ಸಂಭ್ರಮದ ಹೊತ್ತಿಗೆ ಕಾವೇರಿಗೂ ಐವತ್ತು ತುಂಬಿತು. ನಾಡಿಗೆ ಹಾರ ತುರಾಯಿ, ಟಾಕೀಸಿಗೆ ಜೆಸಿಬಿ! ಕೊನೆಯ ದಿನಗಳಲ್ಲಿ ಅದರ ಪರದೆಯ ಮೇಲೆ ಓಡುತ್ತಿದ್ದದ್ದು ಹಿಂದಿ ಚಿತ್ರ.

ಅದೇ ವರ್ಷ ನಾವು ಏನು ಮಾಡುತ್ತಿದ್ದೆವು? ಬೋರ್ಡು ಎಣಿಸುತ್ತಿದ್ದೆವು. ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಲೇಬೇಕೆಂದು 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಬೀದಿ ಹತ್ತಿ ಉರಿಯಿತು. ಹೋರಾಟಗಾರರು ಜೈಲಿಗೆ ಹೋದರು. 2024ರಲ್ಲಿ ಕಾನೂನು ತಿದ್ದುಪಡಿಯೂ ಆಯಿತು. ಅದು ನಮ್ಮ ಗೆಲುವು, ಅದರ ಬಗ್ಗೆ ಕೊಂಕು ನುಡಿಯುವವನು ನಾನಲ್ಲ. ಆದರೆ ಗೆಳೆಯರೇ, ಮಾಲಿನ ಹೊರಗೆ ಶೇಕಡ 60 ಕನ್ನಡ ನೇತುಹಾಕಿಸಿದಿರಿ. ಒಳಗೆ, ಪರದೆಯ ಮೇಲೆ, ಸಂಜೆ ಆರು ಗಂಟೆಯ ಆಟದಲ್ಲಿ ಕನ್ನಡ ಶೇಕಡ ಎಷ್ಟು ಎಂದು ಯಾರಾದರೂ ಎಣಿಸಿದ್ದೀರಾ?

ಮೇಷ್ಟ್ರಿಲ್ಲದ ಕನ್ನಡ ಶಾಲೆ

ನಾನು ಬೆಳೆದದ್ದು ಪ್ಯಾಲೇಸ್ ಗುಟ್ಟಹಳ್ಳಿಯ ಒಂದು ವಠಾರದಲ್ಲಿ. ಏಳು ಮನೆ, ಎರಡು ನಲ್ಲಿ, ನಾಲ್ಕು ಭಾಷೆ. ನಮ್ಮ ಎದುರು ಮನೆಯವರು ತಮಿಳು ಮಾತಾಡುತ್ತಿದ್ದರು, ಪಕ್ಕದ ಮನೆಯವರು ತೆಲುಗು, ಹಿಂದಿನ ಮನೆಯವರು ಉರ್ದು. ಶನಿವಾರ ರಾತ್ರಿಯಾದರೆ ವಠಾರಕ್ಕೆ ವಠಾರವೇ ಕಾವೇರಿಗೆ ಹೊರಡುತ್ತಿತ್ತು. ನಡೆದೇ ಹೋಗುತ್ತಿದ್ದೆವು. ಗಾಂಧಿಕ್ಲಾಸಿನ ಕ್ಯೂ ಎಂದರೆ ಕಬ್ಬಿಣದ ಸಲಾಕೆಗಳ ನಡುವೆ ಒಬ್ಬರ ಬೆನ್ನಿಗೆ ಒಬ್ಬರ ಎದೆ. ಟಿಕೆಟ್ ಕಿಂಡಿಯೊಳಗೆ ಒಮ್ಮೆಗೆ ನಾಲ್ಕು ಕೈ. ಟಿಕೆಟ್ ಹಿಡಿದು ಹೊರಗೆ ಬಂದ ಮುಷ್ಟಿಯಲ್ಲಿ ಗೀರುಗಾಯ ಇಲ್ಲದಿದ್ದರೆ ಆ ಸಿನಿಮಾ ಹಿಟ್ ಅಲ್ಲ ಎಂದೇ ಲೆಕ್ಕ!

ಎದುರು ಮನೆಯ ಹುಡುಗ ನನ್ನ ಓರಗೆಯವನು. ಮನೆಯಲ್ಲಿ ಅವನಿಗೆ ಕನ್ನಡ ಇಲ್ಲ, ಓದಿದ್ದು ಇಂಗ್ಲಿಷ್ ಮೀಡಿಯಂ. ಅವನು ಕನ್ನಡ ಕಲಿತದ್ದು ಎಲ್ಲಿ? ಆ ಗಾಂಧಿಕ್ಲಾಸಿನ ಬೆಂಚಿನ ಮೇಲೆ. ಅಣ್ಣಾವ್ರ ಡೈಲಾಗನ್ನು ಪರದೆಗಿಂತ ಅರ್ಧ ಸೆಕೆಂಡು ಮೊದಲೇ ಹೇಳಿಬಿಡುತ್ತಿದ್ದ. ಅಲ್ಪಪ್ರಾಣ ಮಹಾಪ್ರಾಣದಲ್ಲಿ ನನಗಿಂತ ಅವನ ನಾಲಿಗೆಯೇ ಶುದ್ಧ. ಯಾವ ಪ್ರಾಧಿಕಾರವೂ ಅವನಿಗೆ ಕನ್ನಡ ಕಲಿಕಾ ಕೇಂದ್ರ ತೆರೆಯಲಿಲ್ಲ, ಯಾರೂ ಹೆದರಿಸಲಿಲ್ಲ, ಯಾರೂ ಕೈಮುಗಿದು ಬೇಡಲಿಲ್ಲ. ಶನಿವಾರದ ಆಟಕ್ಕೆ ಬಂದ, ಕನ್ನಡಿಗನಾದ. ಹೀಗೆ ಈ ಊರಿನ ಮೊಹಲ್ಲಾ ಮೊಹಲ್ಲಾಗಳಲ್ಲಿ ಕನ್ನಡ ಕಲಿಸಿದ ಮೇಷ್ಟ್ರಿಲ್ಲದ ಶಾಲೆಗಳೆಂದರೆ ನಮ್ಮ ಟಾಕೀಸುಗಳು.

ಇವತ್ತು ಅದೇ ಗುಟ್ಟಹಳ್ಳಿಯ ಪಿಜಿಗಳಲ್ಲಿ ಬಿಹಾರದ ಹುಡುಗರಿದ್ದಾರೆ, ಒಡಿಶಾದ ಹುಡುಗರಿದ್ದಾರೆ. 'ಇವರಿಗೆ ಕನ್ನಡ ಬರಲ್ಲ' ಎಂದು ಹಲ್ಲು ಕಡಿಯುತ್ತೇವೆ. ಅವರು ನಡೆದು ಹೋಗಬಹುದಾದ ದೂರದಲ್ಲಿ, ಅವರ ಜೇಬಿಗೆ ಎಟಕುವ ದರದಲ್ಲಿ, ಕನ್ನಡ ಮಾತಾಡುವ ಒಂದು ಪರದೆಯನ್ನು ನಾವು ಉಳಿಸಿದ್ದೇವೆಯೇ?

ಪರದೆ ಒಂದೇ ನಮ್ಮದಾಗಿತ್ತು

ಚರಿತ್ರೆ ಮರೆತವರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ತೆರೆ ಕಂಡದ್ದು 1934ರ ಮಾರ್ಚ್ 3ರಂದು. ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಟಾಕೀಸಿನಲ್ಲಿ. ಅದಕ್ಕೆ ಬಂಡವಾಳ ಹಾಕಿದವರು ಮಾರ್ವಾಡಿ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿ. ನಿರ್ದೇಶಕರು ತೆಲುಗು ಮೂಲದ ವೈ.ವಿ. ರಾವ್. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರಂಥ ಕಲಾವಿದರು, ಬೆಳ್ಳಾವೆ ನರಹರಿ ಶಾಸ್ತ್ರಿಗಳ ಮಾತು ನಮ್ಮವು. ಹಣ ಹೊರಗಿನದು, ಸ್ಟುಡಿಯೋ ಹೊರಗಿನದು. ಅಲ್ಲಿಂದ ಮುಂದೆ ದಶಕಗಳ ಕಾಲ ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳ ಬಾಗಿಲು ಕಾದವು. ಹಾಗಾದರೆ ಕನ್ನಡ ಸಿನಿಮಾಕ್ಕೆ ಮೊದಲ ದಿನದಿಂದ ತನ್ನದೇ ಎಂದು ಹೇಳಿಕೊಳ್ಳಲು ಇದ್ದ ನೆಲ ಯಾವುದು? ಈ ಊರಿನ ಪರದೆ. ಅದರ ಎದುರು ಕೂತ ಜನ. ಅಷ್ಟೇ!

ಆ ಪರದೆಯೂ ಬಿಟ್ಟಿಯಾಗಿ ಸಿಗಲಿಲ್ಲ. 1960ರ ದಶಕದಲ್ಲಿ ರಾಜಧಾನಿಯ ಟಾಕೀಸುಗಳಲ್ಲಿ ತಮಿಳು, ಹಿಂದಿಗೆ ಮಣೆ, ಕನ್ನಡ ಚಿತ್ರಕ್ಕೆ ಹಿತ್ತಿಲ ಬಾಗಿಲು ಎಂಬ ಸ್ಥಿತಿ. ಅ.ನ.ಕೃ., ಮ. ರಾಮಮೂರ್ತಿ, ವಾಟಾಳ್ ನಾಗರಾಜ್ ಮೊದಲಾದವರು ಚಿತ್ರಮಂದಿರಗಳ ಮುಂದೆ ನಿಂತು ಕೇಳಿದ್ದು ಇದನ್ನೇ: ನಮ್ಮ ಊರಿನಲ್ಲಿ ನಮ್ಮ ಚಿತ್ರಕ್ಕೆ ಜಾಗ ಕೊಡಿ. 1963ರಲ್ಲಿ 'ಕಾಂಚಿ ತಲೈವನ್' ಚಿತ್ರದಲ್ಲಿ ಪುಲಿಕೇಶಿಯನ್ನು ತೋರಿಸಿದ ರೀತಿಗೆ ಪ್ರತಿಭಟನೆ ಎದ್ದದ್ದೂ ಈ ಊರಿನಲ್ಲೇ. ನೀವು ಇವತ್ತು ಹೆಗಲಿಗೆ ಹಾಕಿಕೊಳ್ಳುವ ಹಳದಿ ಕೆಂಪು ಬಾವುಟವನ್ನು ಕೊಟ್ಟವರು ಅದೇ ಮ. ರಾಮಮೂರ್ತಿ. ಬಾವುಟ ಹುಟ್ಟಿದ ಚಳವಳಿಗೂ ಟಾಕೀಸಿನ ಬಾಗಿಲಿಗೂ ಇರುವ ನಂಟು ನಿಮಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಇಂಥದ್ದು ಪಠ್ಯಪುಸ್ತಕಕ್ಕೆ ಬರುವುದಿಲ್ಲ.

ಆ ಹೋರಾಟದ ಫಲವೇ ಮುಂದಿನ ಸುಗ್ಗಿ. 1972ರಲ್ಲಿ 'ಬಂಗಾರದ ಮನುಷ್ಯ' ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಒಂದೇ ಚಿತ್ರ, ಒಂದೇ ಪರದೆ, ಎರಡು ವರ್ಷ! ಕಾವೇರಿ ಹುಟ್ಟಿದ್ದು ಆ ನಂಬಿಕೆಯ ಮೇಲೆ. ಕನ್ನಡ ಚಿತ್ರ ಹಾಕಿದರೆ ಸಾವಿರ ಸೀಟು ತುಂಬುತ್ತದೆ ಎಂಬ ನಂಬಿಕೆ. 1982ರಲ್ಲಿ ಗೋಕಾಕ್ ಚಳವಳಿಗೆ ಡಾ. ರಾಜ್‌ಕುಮಾರ್ ಧುಮುಕಿದಾಗ ಅವರ ಹಿಂದೆ ಸಾಗಿಬಂದ ಜನಸಾಗರ ಆಕಾಶದಿಂದ ಇಳಿಯಲಿಲ್ಲ. ಇಪ್ಪತ್ತು ಮೂವತ್ತು ವರ್ಷ ಊರೂರಿನ ಟಾಕೀಸುಗಳಲ್ಲಿ ಒಟ್ಟಿಗೆ ಕೂತು, ಒಟ್ಟಿಗೆ ಅತ್ತು, ಒಟ್ಟಿಗೆ ಶಿಳ್ಳೆ ಹೊಡೆದು ಒಂದಾಗಿದ್ದ ಜನ ಅವರು. ಮನೆಯಲ್ಲಿ ಒಬ್ಬೊಬ್ಬರೇ ಮೊಬೈಲ್ ಹಿಡಿದು ಕೂತವರಿಂದ ಗೋಕಾಕ್ ಚಳವಳಿ ಆಗುತ್ತದೆಯೇ?

ಕೊಂದವರು ಯಾರು?

ಮಾಲೀಕರು ಮಾರಿಕೊಂಡರು ಎಂದು ಬೈದು ಕೈತೊಳೆದುಕೊಳ್ಳುವುದು ಸುಲಭ. ನಾನು ಬೈಯುವುದಿಲ್ಲ. ಸದಾಶಿವನಗರದ ಅಂಚಿನಲ್ಲಿ ಬಂಗಾರದ ಬೆಲೆಯ ನೆಲ ಇಟ್ಟುಕೊಂಡು, ಸಾವಿರ ಸೀಟಿನ ಹಾಲಿನಲ್ಲಿ ವಾರದ ದಿನ ಬರುವ ಐವತ್ತು ಜನಕ್ಕೆ ಪ್ರೊಜೆಕ್ಟರ್ ಓಡಿಸಿ, ಕರೆಂಟ್ ಬಿಲ್ಲು ಕಟ್ಟಿ, ಗೇಟ್‌ಕೀಪರ್‌ಗೆ ಸಂಬಳ ಕೊಡು ಎಂದರೆ ಯಾರು ಎಷ್ಟು ವರ್ಷ ಕೊಟ್ಟಾರು? 'ಬಂಗಾರದ ಪಂಜರ'ದಿಂದ ಶುರುವಾದ ಟಾಕೀಸು ತನ್ನ ನೆಲದ ಬಂಗಾರದ ಪಂಜರದಲ್ಲೇ ಸಿಕ್ಕಿ ಸತ್ತಿತು.

ಕಾವೇರಿ ಒಂದೇ ಅಲ್ಲ. ಮೆಜೆಸ್ಟಿಕ್ ಎಂಬ ಟಾಕೀಸು ಹೋಯಿತು, ಹೆಸರು ಮಾತ್ರ ಬಸ್ಸಿನ ಮೇಲೆ ಓಡಾಡುತ್ತಿದೆ. ಅಲಂಕಾರ್ ಹೋಗಿ ಅಲಂಕಾರ್ ಪ್ಲಾಜಾ ಆಯಿತು. ಕೆಂಪೇಗೌಡ ರಸ್ತೆಯಲ್ಲಿದ್ದ ಕೆಂಪೇಗೌಡ ಟಾಕೀಸೇ ಇಲ್ಲ, ಸಾಗರ್ ಇಲ್ಲ. 1968ರಲ್ಲಿ ಮೊರಾರ್ಜಿ ದೇಸಾಯಿ ಉದ್ಘಾಟಿಸಿದ ಕಪಾಲಿ 2017ರಲ್ಲಿ ಬಾಗಿಲು ಹಾಕಿತು. 1995ರ 'ಓಂ' ಚಿತ್ರವನ್ನು ಮತ್ತೆ ಮತ್ತೆ ತಂದು ಹಾಕಿ ಪ್ರತಿ ಸಲವೂ ತುಂಬಿಸಿದ ಹಾಲ್ ಅದು. ಈಗ ಆ ಜಾಗದಲ್ಲಿ ಮಾಲು ಎದ್ದಿದೆ. ಕಾವೇರಿಯೂ ನಾಳೆ ಬರೀ ಸಿಗ್ನಲ್ಲಿನ ಹೆಸರಾಗುತ್ತದೆ. 'ಕಾವೇರಿ ಜಂಕ್ಷನ್‌ನಲ್ಲಿ ಜಾಮ್' ಎಂದು ಎಫ್‌ಎಂನವರು ಹೇಳುತ್ತಾರೆ, ಯಾವ ಕಾವೇರಿ ಎಂದು ಕೇಳುವ ಮಕ್ಕಳಿಗೆ ಉತ್ತರ ಕೊಡುವವರು ಇರುವುದಿಲ್ಲ.

ಇದು ಒಂದೇ ದಿನದಲ್ಲಿ ಆದ ಸಾವಲ್ಲ. ಕೇಬಲ್ ಟೀವಿ ಬಂತು. 2004ರಲ್ಲಿ ಕೋರಮಂಗಲದಲ್ಲಿ ಹನ್ನೊಂದು ಪರದೆಯ ಮಲ್ಟಿಪ್ಲೆಕ್ಸ್ ತೆರೆಯಿತು, ಆಮೇಲೆ ಬಡಾವಣೆಗೊಂದು ಮಾಲು. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಇದನ್ನು ಸ್ವಲ್ಪ ನಿಂತು ನೋಡಬೇಕು. ಅದಕ್ಕೆ ಮುಂಚೆ ಮನರಂಜನಾ ತೆರಿಗೆ ರಾಜ್ಯದ ಕೈಯಲ್ಲಿತ್ತು. ಕನ್ನಡ ಚಿತ್ರಗಳಿಗೆ ವಿನಾಯಿತಿ, ಪರಭಾಷಾ ಚಿತ್ರಗಳಿಗೆ ತೆರಿಗೆ. ಟಿಕೆಟ್ಟಿನ ಮೇಲೇ ಕನ್ನಡಕ್ಕೆ ಇದ್ದ ಬೇಲಿ ಅದು. ಜಿಎಸ್‌ಟಿ ಆ ಬೇಲಿಯನ್ನು ಕಿತ್ತುಹಾಕಿತು. ನೂರು ಕೋಟಿಯ ಮುಂಬೈ ಚಿತ್ರಕ್ಕೂ, ಸಾಲ ಮಾಡಿ ತೆಗೆದ ಕನ್ನಡ ಚಿತ್ರಕ್ಕೂ ಒಂದೇ ದರ! ದೆಹಲಿಯಲ್ಲಿ ಕೂತು 'ಒಂದು ದೇಶ, ಒಂದು ತೆರಿಗೆ' ಎಂದಾಗ ನಮ್ಮ ಸಂಸದರಲ್ಲಿ ಎಷ್ಟು ಜನ ಈ ಬೇಲಿಯ ಬಗ್ಗೆ ಬಾಯಿಬಿಟ್ಟರು? ಅದರ ಮೇಲೆ 2020ರಲ್ಲಿ ಕೊರೊನಾ. ತಿಂಗಳುಗಟ್ಟಲೆ ಬೀಗ ಬಿದ್ದ ಟಾಕೀಸುಗಳಲ್ಲಿ ಎಷ್ಟೋ ಮತ್ತೆ ಬೀಗ ತೆಗೆಯಲೇ ಇಲ್ಲ.

ಬೆಳಗ್ಗೆ ಹತ್ತು ಗಂಟೆಯ ಕನ್ನಡ

ಇನ್ನು ಮಾಲಿನೊಳಗಿನ ಕಥೆ. ಹೆಸರು ಬೇಡ, ಎಲ್ಲ ಮಾಲಿನದೂ ಇದೇ ರಾಗ. ಹೋದ ವರ್ಷ ಹೊಸ ಹುಡುಗರು ಮಾಡಿದ ಒಂದು ಕನ್ನಡ ಚಿತ್ರ ಚೆನ್ನಾಗಿದೆ ಎಂದು ಕೇಳಿ, ಆಫೀಸು ಮುಗಿಸಿ ಹೋದೆ. ಗೋಡೆಯ ಮೇಲೆ ಆರೇಳು ಚಿತ್ರಗಳ ಹೆಸರು. ಕನ್ನಡದ್ದು ಒಂದು. ಆಟ ಬೆಳಗ್ಗೆ 10.15ಕ್ಕೆ ಒಂದು, ರಾತ್ರಿ 10.40ಕ್ಕೆ ಇನ್ನೊಂದು. ಕೌಂಟರಿನ ಹುಡುಗನನ್ನು ಸಂಜೆ ಯಾಕಿಲ್ಲ ಎಂದು ಕನ್ನಡದಲ್ಲಿ ಕೇಳಿದೆ. ಅವನು ಹಿಂದಿಯಲ್ಲಿ ಉತ್ತರ ಕೊಟ್ಟ. ಮತ್ತೆ ಕೇಳಿದೆ. 'ಸರ್, ಕನ್ನಡ ಮಾರ್ನಿಂಗ್ ಓನ್ಲಿ' ಅಂದ. ಅವನ ತಪ್ಪೇನು? ಹೊಟ್ಟೆಪಾಡಿಗೆ ಬಂದ ಹುಡುಗ. ಆಟದ ಪಟ್ಟಿ ಬರೆಯುವವನು ಕೌಂಟರಿನಲ್ಲಿ ಇರುವುದಿಲ್ಲ.

ಆ ಪಟ್ಟಿ ಹೇಗೆ ಬರೆಯುತ್ತಾರೆ ಗೊತ್ತೇ? ಶುಕ್ರವಾರ ಚಿತ್ರ ಬಿಡುಗಡೆ. ಶನಿವಾರ, ಭಾನುವಾರದ ಗಲ್ಲಾಪೆಟ್ಟಿಗೆ ನೋಡುತ್ತಾರೆ. ಸೋಮವಾರಕ್ಕೆ ಆಟ ಕತ್ತರಿಸುತ್ತಾರೆ. ಕೆಲಸಕ್ಕೆ ಹೋಗುವ ಕನ್ನಡಿಗ ಬರಲಾಗದ ಹೊತ್ತಿನಲ್ಲಿ ಕನ್ನಡ ಚಿತ್ರ ಹಾಕುವುದು, ಜನ ಬರಲಿಲ್ಲ ಎಂದು ತೆಗೆಯುವುದು! ಕೈಕಾಲು ಕಟ್ಟಿ ಕೆರೆಗೆ ಎಸೆದು, ಈಜು ಬರಲಿಲ್ಲ ಎಂದು ಷರಾ ಬರೆಯುವ ನ್ಯಾಯ. ಹಳೆಯ ಟಾಕೀಸಿನಲ್ಲಿ ನಿರ್ಮಾಪಕ ವಾರದ ಬಾಡಿಗೆ ಕಟ್ಟಿದರೆ ಆ ಪರದೆ ನಾಲ್ಕೂ ಆಟಕ್ಕೆ ಅವನದು. ಮೊದಲ ವಾರ ಕುಂಟಿದ ಚಿತ್ರ ಬಾಯಿಮಾತಿನಿಂದಲೇ ಮೂರನೇ ವಾರ ಓಡಿದ ಉದಾಹರಣೆ ಗಾಂಧಿನಗರದ ಯಾವ ಹಳಬರನ್ನು ಕೇಳಿದರೂ ಸಿಗುತ್ತದೆ. ಮಾಲಿನಲ್ಲಿ ಬಾಯಿಮಾತು ಹರಡುವಷ್ಟರಲ್ಲಿ ಚಿತ್ರವೇ ಇರುವುದಿಲ್ಲ.

'ಕನ್ನಡ ಚಿತ್ರ ಚೆನ್ನಾಗಿರಲ್ಲ ಬಿಡಿ' ಎನ್ನುವ ಜಾಣರಿದ್ದಾರೆ. ಅರ್ಧ ನಿಜ. ಗಾಂಧಿನಗರದವರು ಲಾಂಗು ಮಚ್ಚು, ರೀಮೇಕು ಎಂದು ನಮ್ಮ ತಲೆ ಎಷ್ಟು ತಿಂದಿದ್ದಾರೆ ಎಂದು ನನಗೂ ಗೊತ್ತು. ಆದರೆ 2022ರಲ್ಲಿ 'ಕಾಂತಾರ' ಮೊದಲು ಕನ್ನಡದಲ್ಲೇ ಬಂತು. ಇಲ್ಲಿಯ ಪರದೆಗಳಲ್ಲಿ ಜನ ಮುಗಿಬಿದ್ದ ಸುದ್ದಿ ಕೇಳಿದ ಮೇಲೆ ತಾನೇ ಬೇರೆ ಭಾಷೆಯವರು ಡಬ್ ಮಾಡಿಸಿಕೊಂಡು ಹೋದದ್ದು? ಆ ಚಿತ್ರಕ್ಕೂ ಬೆಳಗ್ಗೆ ಹತ್ತೂ ಕಾಲರ ಆಟ ಒಂದನ್ನೇ ಕೊಟ್ಟಿದ್ದರೆ ನಮ್ಮ ಭೂತಕೋಲದ ಕೂಗು ಮಂಗಳೂರು ದಾಟುತ್ತಿತ್ತೇ?

ಬೇಡ ಎನ್ನುವುದಲ್ಲ, ಬೇಕು ಎನ್ನುವುದು

ನಮ್ಮ ಹೋರಾಟಗಾರರಿಗೂ ಒಂದು ಕಹಿ ಮಾತು. ಪರಭಾಷೆ ಚಿತ್ರ ತಡೆಯಿರಿ, ಡಬ್ಬಿಂಗ್ ತಡೆಯಿರಿ ಎಂದು ದಶಕಗಟ್ಟಲೆ ಶಕ್ತಿ ಸುರಿದೆವು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆದ ಫಿಲಂ ಚೇಂಬರಿಗೇ ದಂಡ ಹಾಕಿತು. ತಡೆಯುವ ದಾರಿ ಅಲ್ಲಿಗೆ ಮುಗಿಯಿತು. ನಿಜ ಹೇಳಬೇಕೆಂದರೆ ಆ ದಾರಿಯಲ್ಲಿ ನಮಗೂ ಪೂರ್ತಿ ನಂಬಿಕೆ ಇರಲಿಲ್ಲ. 'ಶಂಕರಾಭರಣಂ' ತೆಲುಗಿನಲ್ಲೇ ಈ ಊರಿನಲ್ಲಿ ತಿಂಗಳುಗಟ್ಟಲೆ ಓಡಿದಾಗ ಟಿಕೆಟ್ ಕೊಂಡವರಲ್ಲಿ ನಮ್ಮಪ್ಪ ಅಮ್ಮನೂ ಇದ್ದರು. ಒಳ್ಳೆಯದನ್ನು ನೋಡಲಿ. ಯಾವ ಭಾಷೆಯ ಮೇಲೂ ಹಗೆ ಬೇಡ. ಅವರ ಚಿತ್ರ ಓಡಿಸಬೇಡಿ ಎಂದು ನಾವು ಹೇಳುತ್ತಿಲ್ಲ, ನಮ್ಮ ನೆಲದಲ್ಲಿ ನಮ್ಮ ಚಿತ್ರಕ್ಕೆ ಸಂಜೆಯ ಹೊತ್ತು ಕೊಡಿ ಎಂದು ಕೇಳುತ್ತಿದ್ದೇವೆ.

ಇದೇನು ಆಗದ ಹೋಗದ ಮಾತಲ್ಲ. ಮಹಾರಾಷ್ಟ್ರ ಸರ್ಕಾರ 2015ರಲ್ಲೇ ಮಲ್ಟಿಪ್ಲೆಕ್ಸುಗಳು ಒಳ್ಳೆಯ ಹೊತ್ತಿನಲ್ಲಿ ಮರಾಠಿ ಚಿತ್ರ ಹಾಕಲೇಬೇಕೆಂದಿತು. ಮುಂಬೈಯ ಹಿಂದಿ ದೊರೆಗಳು ಬೊಬ್ಬೆ ಹೊಡೆದರು, ಸಮಯ ಸ್ವಲ್ಪ ಸಡಿಲವಾಯಿತು, ಆದರೆ ಮಧ್ಯಾಹ್ನದಿಂದ ರಾತ್ರಿಯೊಳಗೆ ಮರಾಠಿಗೆ ಜಾಗ ಎಂಬುದು ನಿಂತಿತು. ಪಶ್ಚಿಮ ಬಂಗಾಳ 2025ರ ಆಗಸ್ಟ್‌ನಲ್ಲಿ ಬಂಗಾಳಿ ಚಿತ್ರಕ್ಕೆ ದಿನವೂ ಅಂಥದೇ ಆಟ ಕಡ್ಡಾಯ ಮಾಡಿತು. ಹಳೆಯ ಚಿತ್ರಮಂದಿರ ಒಡೆದು ಹೊಸ ಕಟ್ಟಡ ಎಬ್ಬಿಸುವವರು ಹಳೆಯ ಸೀಟುಗಳಲ್ಲಿ ಒಂದು ಪಾಲನ್ನಾದರೂ ಸಿನಿಮಾಕ್ಕೆ ಉಳಿಸಬೇಕೆಂಬ ನಿಯಮವೂ ಮುಂಬೈಯಲ್ಲಿದೆ. ಬಂಡವಾಳದ ರಾಜಧಾನಿಗೇ ಅಡ್ಡಬಾರದ ನಿಯಮ ನಮ್ಮ ಬೆಂಗಳೂರಿಗೆ ಅಡ್ಡ ಬರುತ್ತದೆಯೇ?

ಕಾನೂನು ಹೊಸದಾಗಿ ಹುಟ್ಟಬೇಕಾಗಿಯೂ ಇಲ್ಲ. 1964ರ ಕರ್ನಾಟಕ ಸಿನಿಮಾ (ನಿಯಂತ್ರಣ) ಕಾಯ್ದೆ ಇದೆ. ಚಿತ್ರಮಂದಿರಕ್ಕೆ ಪರವಾನಗಿ ಕೊಡುವ ಅಧಿಕಾರ ರಾಜ್ಯದ ಕೈಯಲ್ಲೇ ಇದೆ. ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಲು ಸರ್ಕಾರ 2017ರಲ್ಲಿ ಒಮ್ಮೆ ಆದೇಶ ಹೊರಡಿಸಿತು, 2025ರ ಸೆಪ್ಟೆಂಬರ್‌ನಲ್ಲಿ ಅದೇ ಕಾಯ್ದೆಯಡಿಯ ನಿಯಮ ತಿದ್ದಿ ಮತ್ತೊಮ್ಮೆ ಹೊರಡಿಸಿತು. ಹತ್ತೇ ದಿನದ ಸುಮಾರಿಗೆ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಅಂದರೆ ಆತುರದ ಆದೇಶ ನಿಲ್ಲುವುದಿಲ್ಲ. ವಿಧಾನಸಭೆಯಲ್ಲಿ ಚರ್ಚೆಯಾಗಿ, ಕಾಯ್ದೆಗೇ ತಿದ್ದುಪಡಿ ತರಬೇಕು. ಪ್ರತಿ ಮಲ್ಟಿಪ್ಲೆಕ್ಸಿನಲ್ಲಿ ದಿನಕ್ಕೊಂದು ಕನ್ನಡ ಚಿತ್ರ ಸಂಜೆ ಆರರಿಂದ ಒಂಬತ್ತರೊಳಗೆ. ಟಾಕೀಸಿದ್ದ ಜಾಗದಲ್ಲಿ ಏಳುವ ಯಾವ ಕಟ್ಟಡದಲ್ಲೂ ಕನಿಷ್ಠ ಒಂದು ಪರದೆ. ಇಷ್ಟನ್ನು ಪರವಾನಗಿಯ ಷರತ್ತಿಗೆ ಸೇರಿಸಲಿ. ಬೋರ್ಡಿನ ಶೇಕಡ 60ಕ್ಕೆ ಬೀದಿಗಿಳಿದ ನಮಗೆ ಈ ಒಂದು ಆಟ ಕೇಳುವ ಗಂಟಲಿಲ್ಲವೇ?

ಕೇಳುವ ಮುನ್ನ ಕನ್ನಡ ಯುವಕರಿಗೆ ಒಂದು ಮಾತು. ದೊಡ್ಡ ಹೀರೋ ಚಿತ್ರಕ್ಕೆ ಬೆಳಗಿನ ಜಾವ ನಾಲ್ಕಕ್ಕೆ ಕಟೌಟಿಗೆ ಹಾಲು ಸುರಿಯುತ್ತೀರಿ, ಬಲು ಸಂತೋಷ. ಹೆಸರಿಲ್ಲದ ಹುಡುಗನೊಬ್ಬ ತೆಗೆದ ಒಳ್ಳೆಯ ಕನ್ನಡ ಚಿತ್ರಕ್ಕೆ ಕೊನೆಯ ಬಾರಿ ದುಡ್ಡು ಕೊಟ್ಟು ಹೋದದ್ದು ಯಾವಾಗ? 'ಓಟಿಟಿಯಲ್ಲಿ ಬರುತ್ತೆ ಬಿಡು ಮಗಾ' ಎಂದು ನೀವು ಹೇಳಿದ ಪ್ರತಿ ಸಲವೂ ಕಾವೇರಿಯ ಒಂದು ಇಟ್ಟಿಗೆ ಸಡಿಲವಾಯಿತು. ನಾನು ಹೇಳಿದಾಗಲೂ ಅಷ್ಟೇ.

ಈ ಶುಕ್ರವಾರದಿಂದಲೇ ಒಂದು ಕೆಲಸ ಮಾಡಿ. ನಿಮ್ಮ ಬಡಾವಣೆಯ ಮಾಲಿಗೆ ಹೋಗಿ. ಗಲಾಟೆ ಬೇಡ, ಗಾಜು ಒಡೆಯುವುದು ಬೇಡ, ಕೌಂಟರಿನ ಹುಡುಗನ ಮೇಲೆ ರೇಗುವುದಂತೂ ಬೇಡವೇ ಬೇಡ. ಎಷ್ಟು ಪರದೆ ಇದೆ, ದಿನಕ್ಕೆ ಎಷ್ಟು ಆಟ, ಅದರಲ್ಲಿ ಕನ್ನಡಕ್ಕೆ ಎಷ್ಟು, ಯಾವ ಹೊತ್ತಿಗೆ, ಟಿಕೆಟ್ ಎಷ್ಟು ರೂಪಾಯಿ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸೋಮವಾರ ಮತ್ತೆ ಹೋಗಿ, ಎಷ್ಟು ಕತ್ತರಿಸಿದ್ದಾರೆ ನೋಡಿ, ಅದನ್ನೂ ಬರೆಯಿರಿ. ಹಾಗೇ ಟಿಕೆಟ್ ಕೊಂಡು ಆ ಕನ್ನಡ ಚಿತ್ರ ನೋಡಿಕೊಂಡು ಬನ್ನಿ. ಹಾಳೆಯನ್ನು ಪತ್ರಿಕೆಗೆ ಕಳಿಸಿ. ಯಾವ ಬಡಾವಣೆ, ಎಷ್ಟು ಆಟ ಎಂದು ವಾರವಾರ ಅಚ್ಚು ಹಾಕುತ್ತೇವೆ, ಪ್ರತಿಗಳನ್ನು ಈ ಊರಿನ ಒಬ್ಬೊಬ್ಬ ಶಾಸಕನ ಮನೆಗೂ ನಾವೇ ಹೋಗಿ ಕೊಟ್ಟು ಬರುತ್ತೇವೆ.